ಬಾತುಕೋಳಿ ಹೋಟೆಲು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನಾವೆಲ್ಲ ಕ್ಷೇಮ. ಅಮೆರಿಕದ ಮೆಂಫಿಸ್ ಹೋಟೆಲಿನಿಂದ ನಾವು ಕಳಿಸಿದ ಬಾತುಕೋಳಿಗಳ ವಿಡಿಯೋ ನೋಡಿ ನಿನ್ನ ಮಗ ಚಿನ್ನು ತಟ್ಟೆ ಬಿಟ್ಟು ಎದ್ದ ಅಂದೆಯಲ್ಲ, ಅವನಿಗೆ ಅಷ್ಟು ಸಾಕು. ನಿನಗೆ ಉಳಿದದ್ದನ್ನೂ ಹೇಳಬೇಕು. ಫೋನಿನಲ್ಲಾದರೆ ನಿಮ್ಮಪ್ಪ ನಡುವೆ ಬಾಯಿ ಹಾಕುತ್ತಾರೆ, ಅದಕ್ಕೇ ಈ ಕಾಗದ.

ಡಲ್ಲಾಸಿನಿಂದ ಹೊರಟು, ಆರ್ಕನ್ಸಾ ರಾಜ್ಯ ದಾಟಿ, ಮಿಸಿಸಿಪ್ಪಿ ನದಿಯ ಸೇತುವೆ ಹತ್ತುವಾಗ ಕತ್ತಲಾಗಿತ್ತು. ಆಚೆ ದಡದಲ್ಲೇ ಮೆಂಫಿಸ್. ಒಂದು ರಾತ್ರಿ ತಲೆ ಇಡುವುದಕ್ಕೆ ಹೆದ್ದಾರಿ ಪಕ್ಕದ ಯಾವುದಾದರೂ ಮೋಟೆಲ್ ಸಾಕಿತ್ತು. ನಿನ್ನ ತಮ್ಮ ಕೇಳಬೇಕಲ್ಲ! ಊರ ನಟ್ಟನಡುವಿನ ಪೀಬಾಡಿ ಹೋಟೆಲಿನಲ್ಲಿ ರೂಮು ಮಾಡಿದ್ದ. ಬಾಡಿಗೆ ಎಷ್ಟು ಅಂತ ನಿಮ್ಮಪ್ಪ ಎಷ್ಟು ಕೆದಕಿದರೂ ಬಾಯಿ ಬಿಡಲಿಲ್ಲ.

ಪೀಬಾಡಿ ಅನ್ನುವ ಹೆಸರು 1869ರಷ್ಟು ಹಳೆಯದು, ಈಗಿನ ಕಟ್ಟಡ 1925ರದ್ದು. ನಡುವೆ 1975ರಲ್ಲಿ ಮುಚ್ಚಿಹೋಗಿ, ದುರಸ್ತಿಯಾಗಿ 1981ರಲ್ಲಿ ಮತ್ತೆ ತೆರೆಯಿತಂತೆ. ಒಳಗೆ ಕಾಲಿಟ್ಟರೆ ಎರಡು ಅಂತಸ್ತಿನ ಎತ್ತರದ ಹಜಾರ, ಚಿತ್ತಾರ ಬರೆದ ಮರದ ತೊಲೆಗಳು, ಮಧ್ಯದಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ಕಾರಂಜಿ. ಅಂಥ ಕಡೆ ರೂಮಿನಲ್ಲಿ ಕೂತು ನಾವು ತಿಂದದ್ದು ಡಬ್ಬಿಯ ಪುಳಿಯೋಗರೆ! ಒಗ್ಗರಣೆ ವಾಸನೆ ಹೊರಗೆ ಹೋಗಬಾರದು ಅಂತ ನಿಮ್ಮಪ್ಪ ಬಾಗಿಲ ಸಂದಿಗೆ ಟವೆಲ್ ತುರುಕಿದರು.

ಮಾರನೇ ದಿನ ಹತ್ತೂವರೆಗೇ ಹಜಾರದಲ್ಲಿ ಕಾಲಿಡಲು ಜಾಗವಿಲ್ಲ. ಸರಿಯಾಗಿ ಹನ್ನೊಂದಕ್ಕೆ ಲಿಫ್ಟಿನ ಬಾಗಿಲು ತೆರೆಯಿತು. ಕೆಂಪು ಕೋಟು ತೊಟ್ಟವನ ಜೊತೆ ಐದು ಬಾತುಕೋಳಿಗಳು, ಒಂದು ಗಂಡು, ನಾಲ್ಕು ಹೆಣ್ಣು. ಬ್ಯಾಂಡಿನ ಸಂಗೀತಕ್ಕೆ ಕೆಂಪು ಹಾಸಿನ ಮೇಲೆ ಪಟಪಟ ಹೆಜ್ಜೆ ಹಾಕುತ್ತ ಬಂದು ಕಾರಂಜಿಗೆ ಇಳಿದವು. ಸಂಜೆ ಐದಕ್ಕೆ ಅದೇ ಮೆರವಣಿಗೆಯಲ್ಲಿ ತಾರಸಿಯ ಮೇಲಿನ ಮನೆಗೆ ವಾಪಸ್. 1933ರಲ್ಲಿ ಹೋಟೆಲಿನ ಮ್ಯಾನೇಜರು ಬೇಟೆ ಮುಗಿಸಿ ಬಂದವರು, ಸ್ನೇಹಿತರ ಜೊತೆ ಒಂದಿಷ್ಟು ವಿಸ್ಕಿ ಏರಿಸಿ, ತಮಾಷೆಗೆ ಬಾತುಕೋಳಿಗಳನ್ನು ಕಾರಂಜಿಗೆ ಬಿಟ್ಟರಂತೆ. ಜನ ಮೆಚ್ಚಿದ್ದರಿಂದ ಹಾಗೇ ಉಳಿದುಕೊಂಡಿತು.

ಆದರೆ ಸಾಲಾಗಿ ನಡೆಯುವುದನ್ನು ಕಲಿಸಿದವರು ಬೇರೆ. ಎಡ್ವರ್ಡ್ ಪೆಂಬ್ರೋಕ್ ಅಂತ, ಅತಿಥಿಗಳ ಸಾಮಾನು ಹೊರುವ ಕೆಲಸದಲ್ಲಿದ್ದವರು, ಮೊದಲು ಸರ್ಕಸ್ಸಿನಲ್ಲಿ ಪ್ರಾಣಿಗಳನ್ನು ಪಳಗಿಸಿದ್ದವರು. 1940ರಲ್ಲಿ ಶುರುಮಾಡಿ 1991ರವರೆಗೂ ಅದನ್ನೇ ನೋಡಿಕೊಂಡರು. ಪುಟ್ಟಿ, ಅವರು ಕಪ್ಪು ಜನಾಂಗದವರು. ಆಗೆಲ್ಲ ಕಪ್ಪು ಜನ ಆ ಹೋಟೆಲಿನಲ್ಲಿ ದುಡಿಯಬಹುದಿತ್ತು, ದುಡ್ಡು ಕೊಟ್ಟು ತಂಗುವ ಹಾಗಿರಲಿಲ್ಲ. ಇಂಥ ಭೇದವನ್ನು ದೇಶದಲ್ಲೆಲ್ಲ ನಿಷೇಧಿಸುವ ಕಾನೂನು ಬಂದದ್ದು 1964ರಲ್ಲಿ. ಆ ಕಾಲದಲ್ಲಿ ಕೋಳಿಗೆ ಲಿಫ್ಟು, ಹಾಸು, ಬ್ಯಾಂಡು. ಕೋಳಿ ಕಾಯುವವರಿಗೆ ರೂಮಿಲ್ಲ.

ಹಾಗಾದರೆ ಅವರೆಲ್ಲ ಎಲ್ಲಿ ತಂಗುತ್ತಿದ್ದರು ಅಂತ ನಾನು ಕೇಳಿದ್ದಕ್ಕೆ ನಿನ್ನ ತಮ್ಮ "ಬಾಮ್ಮ" ಅಂತ ನಡೆಸಿಕೊಂಡು ಹೋದ. ಇಪ್ಪತ್ತು ನಿಮಿಷದ ದಾರಿಯೂ ಇಲ್ಲ, ಲೊರೇನ್ ಮೋಟೆಲ್. 1945ರಲ್ಲಿ ವಾಲ್ಟರ್ ಬೇಯ್ಲಿ ಅನ್ನುವವರು ಕೊಂಡು, ಹೆಂಡತಿ ಲೊರೀ ಜೊತೆ ನಡೆಸುತ್ತಿದ್ದ ಜಾಗ. ಕಪ್ಪು ಪ್ರಯಾಣಿಕರು ಯಾವ ಊರಿನಲ್ಲಿ ನಿಶ್ಚಿಂತೆಯಿಂದ ಇಳಿದುಕೊಳ್ಳಬಹುದು ಅಂತ ಪಟ್ಟಿ ಮಾಡಿದ ಕೈಪಿಡಿಯೇ ಆಗ ಅಚ್ಚಾಗುತ್ತಿತ್ತು. ಅದರಲ್ಲಿ ಲೊರೇನ್ ಹೆಸರಿತ್ತು. ದೊಡ್ಡ ದೊಡ್ಡ ಗಾಯಕರೆಲ್ಲ ಇಳಿಯುತ್ತಿದ್ದದ್ದು ಇಲ್ಲೇ.

ಮಾರ್ಟಿನ್ ಲೂಥರ್ ಕಿಂಗ್ ಗುಂಡೇಟಿಗೆ ಬಿದ್ದದ್ದೂ ಇಲ್ಲೇ, 1968ರ ಏಪ್ರಿಲ್ 4ರಂದು, 306ನೇ ರೂಮಿನ ಮುಂದಿನ ಮೊಗಸಾಲೆಯಲ್ಲಿ. ಆ ಊರಿನ ಪೌರಕಾರ್ಮಿಕರು ಮುಷ್ಕರ ಹೂಡಿದ್ದರು, ಅವರ ಬೆನ್ನಿಗೆ ನಿಲ್ಲಲು ಕಿಂಗ್ ಬಂದಿದ್ದರು. ಮಳೆಗೆ ಕಸದ ಲಾರಿಯೊಳಗೆ ಆಸರೆ ಪಡೆದ ಇಬ್ಬರು ಕಾರ್ಮಿಕರು ಕಸ ಅದುಮುವ ಯಂತ್ರಕ್ಕೆ ಸಿಕ್ಕಿ ಸತ್ತಿದ್ದರು, ಆಮೇಲೆ ಎದ್ದ ಮುಷ್ಕರ ಅದು. "ನಾನೂ ಮನುಷ್ಯ" ಅಂತ ಬರೆದ ಫಲಕ ಎದೆಗೆ ತೂಗುಹಾಕಿಕೊಂಡು ಬೀದಿಯಲ್ಲಿ ನಡೆದಿದ್ದರು. ಕಿಂಗ್ ಸತ್ತ ಕೆಲವೇ ದಿನಕ್ಕೆ ಲೊರೀ ಕೂಡ ತೀರಿಕೊಂಡರು, ಕಿಂಗ್‌ಗೆ ಗುಂಡು ಬಿದ್ದ ದಿನವೇ ಅವರಿಗೆ ಪಾರ್ಶ್ವವಾಯು ಹೊಡೆದಿತ್ತು. 1991ರಿಂದ ಆ ಮೋಟೆಲ್ ಮ್ಯೂಸಿಯಂ. ರೂಮನ್ನು ಅಂದು ಇದ್ದಂತೆ ಇಟ್ಟಿದ್ದಾರೆ, ಹಾಸಿಗೆಯ ಹೊದಿಕೆ ಸರಿಮಾಡಿಲ್ಲ. ಗಾಜಿನ ಈಚೆಯಿಂದ ನೋಡಬೇಕು.

ನಿಮ್ಮಪ್ಪ ಹೊರಗೆ ಬಂದು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ತಮ್ಮೂರಿನ ಹೋಟೆಲಿನ ವಿಷಯ ಹೇಳಿದರು. ಅವರು ಹುಡುಗರಾಗಿದ್ದಾಗ ಕೇರಿಯವರಿಗೆ ಚಹಾ ಹೊರಗೇ, ಲೋಟ ಬೇರೆ, ಕುಡಿದವರೇ ತೊಳೆದು ಸೂರಿನ ಕೆಳಗೆ ಬೋರಲು ಇಡಬೇಕು. "ನಾನು ಒಳಗೆ ಬೆಂಚಿನ ಮೇಲೆ ಕೂತು ದೋಸೆ ತಿನ್ನುತ್ತಿದ್ದೆ ಕಣೇ" ಅಂದರು. ಮದುವೆಯಾಗಿ ಇಷ್ಟು ವರ್ಷವಾದರೂ ಈ ಮಾತು ನನಗೆ ಹೇಳಿರಲಿಲ್ಲ.

ನೀನು ಬಂದಾಗ ಎರಡೂ ನೋಡು, ಒಂದೇ ದಿನ ನೋಡು. ಬಾತುಕೋಳಿ ನೋಡಲು ರೂಮು ಮಾಡಬೇಕಿಲ್ಲ, ಕಾಸೂ ಇಲ್ಲ. ಅರ್ಧ ಗಂಟೆ ಮೊದಲೇ ಹೋಗಿ ಮುಂದೆ ಜಾಗ ಹಿಡಿ, ಅಷ್ಟೆ. ಚಿನ್ನುವನ್ನು ಮ್ಯೂಸಿಯಂ ಒಳಗೆ ಕರೆದುಕೊಂಡು ಹೋಗಬೇಕೋ, ಅವನ ಮಾವನ ಜೊತೆ ಹೊರಗೆ ಬಿಡಬೇಕೋ ನೀನೇ ಯೋಚಿಸು. ಕರೆದುಕೊಂಡು ಹೋಗು ಅಂತ ನಾನು, ಇನ್ನೂ ಸಣ್ಣವನು ಬೇಡ ಅಂತ ನಿಮ್ಮಪ್ಪ. ಈ ಜಗಳ ಕಾರಿನಲ್ಲಿ ನ್ಯಾಶ್‌ವಿಲ್‌ವರೆಗೂ ನಡೆಯಿತು.

ಅತ್ತೆ ಮಾವನವರಿಗೆ ನಮ್ಮ ನಮಸ್ಕಾರ ತಿಳಿಸು.

ಇಂತಿ ನಿನ್ನ
ಅಮ್ಮ