ಅಪ್ಪಯ್ಯ ಮತ್ತೆ ತೋಟಕ್ಕೆ ಇಳಿದರು

ನಿನ್ನೆ ಬೆಳಿಗ್ಗೆ ಅಪ್ಪಯ್ಯ ಕೋಲೂರಿಕೊಂಡು ಅಡಿಕೆ ತೋಟಕ್ಕೆ ಇಳಿದರು. ಆಷಾಢದಲ್ಲಿ ಹೃದಯದ ಆಪರೇಷನ್ ಆದಮೇಲೆ ಇದೇ ಮೊದಲು. ಫೋನ್ ಮಾಡಿ ವಿಚಾರಿಸಿದ ಎಲ್ಲರಿಗೂ ಈ ಸುದ್ದಿ. ಆದರೆ ನಾನು ಬರೆಯಲು ಕೂತದ್ದು ನಾಲ್ಕೇ ಜನರಿಗಾಗಿ. ದೊಡ್ಡಪ್ಪ, ಚಿಕ್ಕಪ್ಪ, ಮಾವ, ಕುಮಟೆಯ ಅತ್ತೆ. ಎದುರಿಗೆ ಥ್ಯಾಂಕ್ಸ್ ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆ.

ಎದೆನೋವು ಅಂತ ಮೊದಲು ತೋರಿಸಿದ ಕಡೆ ಗ್ಯಾಸ್ ಎಂದು ಮಾತ್ರೆ ಕೊಟ್ಟು ಕಳಿಸಿದ್ದರು. ಮರುದಿನ ರಾತ್ರಿ ನೋವು ಜಾಸ್ತಿಯಾಯಿತು. ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಗೊತ್ತಲ್ವಾ, ಇಂಥ ಹೊತ್ತಲ್ಲಿ ಹುಬ್ಬಳ್ಳಿಗೋ ಮಂಗಳೂರಿಗೋ ಓಡಬೇಕು. ಶಿರಸಿಯಿಂದ ಹುಬ್ಬಳ್ಳಿಗೆ 100 ಕಿಲೋಮೀಟರ್ ಆಸುಪಾಸು. ಆ ಮಳೆಯಲ್ಲಿ ಚಿಕ್ಕಪ್ಪ ಕಾರು ಓಡಿಸಿದರು. ಅಪ್ಪಯ್ಯ ಕಣ್ಣು ಮುಚ್ಚಿದಾಗಲೆಲ್ಲ ಬೆಟ್ಟದ ಹಲಸಿನ ಮರ ಯಾರ ಪಾಲಿನದು ಅನ್ನುವ ಹಳೇ ಜಗಳ ತೆಗೆಯುತ್ತಿದ್ದರು. ಅಪ್ಪಯ್ಯ ಸಿಟ್ಟಿಗೆದ್ದು ಕಣ್ಣು ಬಿಡುತ್ತಿದ್ದರು.

ಇದೇ ಚಿಕ್ಕಪ್ಪ ಒಮ್ಮೆ ಮಾರಿಕಾಂಬಾ ಜಾತ್ರೆಯಲ್ಲಿ ನನ್ನನ್ನು ಕಳೆದುಕೊಂಡಿದ್ದರು. ಸಿಕ್ಕಮೇಲೆ ಎರಡು ಐಸ್‌ಕ್ರೀಂ ಕೊಡಿಸಿ, ಮನೆಯಲ್ಲಿ ಹೇಳಬೇಡ ಅಂದಿದ್ದರು. ಇಷ್ಟು ವರ್ಷ ಹೇಳಿರಲಿಲ್ಲ. ಆಯಿ, ಈಗ ಓದಿಕೋ.

ಮಾವನ ಮಾತು ಕಮ್ಮಿ. ಆಸ್ಪತ್ರೆಯ ಬಿಲ್ಲು ಕಟ್ಟುವ ಸಾಲಿನಲ್ಲಿ ನಿಂತಿದ್ದಾಗ ಒಂದು ಬಟ್ಟೆ ಚೀಲ ನನ್ನ ಕೈಗಿಟ್ಟು ಸುಮ್ನೆ ಹೋದರು. ರೇಟು ಏರಲಿ ಅಂತ ಅಟ್ಟದ ಮೇಲೆ ಇಟ್ಟಿದ್ದ, ಒಣಗಿಸಿ ಸುಲಿದ ಚಾಲಿ ಅಡಿಕೆ ಮಾರಿದ ದುಡ್ಡು.

ಅತ್ತೆ ದೇವಿಮನೆ ಘಟ್ಟ ಹತ್ತಿ ಬಂದು ಮೂರು ವಾರ ನಮ್ಮ ಕೊಟ್ಟಿಗೆ ನೋಡಿಕೊಂಡರು. ಸಣ್ಣವರಿದ್ದಾಗ ಬೇಸಿಗೆಗೆ ನಾವು ಅದೇ ಘಟ್ಟ ಇಳಿದು ಹೋಗುತ್ತಿದ್ದೆವು, ತಿರುವು ತಿರುವಿಗೂ ವಾಂತಿ ಮಾಡುತ್ತಾ. ಅತ್ತೆ ಬಸ್‌ಸ್ಟ್ಯಾಂಡಿಗೇ ಮುರುಗಲು ಪಾನಕ ತಂದು ನಿಂತಿರುತ್ತಿದ್ದರು. ವಾಪಸ್ಸು ಬರುವಾಗ ಜಡೆ ಹೆಣೆದ ಸಿಹಿ ಈರುಳ್ಳಿಯ ಗೊಂಚಲು ನಮ್ಮ ಕೊರಳಿಗೇ ಹಾಕುತ್ತಿದ್ದರು!

ಇನ್ನು ದೊಡ್ಡಪ್ಪ. ಅಪ್ಪಯ್ಯ ಆಸ್ಪತ್ರೆಯಲ್ಲಿದ್ದಾಗಲೇ ಎರಡನೇ ಮದ್ದು ಹೊಡೆಯುವ ಹೊತ್ತು ಬಂತು. ಅಡಿಕೆಗೆ ಕೊಳೆರೋಗ ಬಂದರೆ ಮುಗೀತು, ವರ್ಷದ ಅನ್ನ ನೆಲಕ್ಕೆ ಉದುರುತ್ತದೆ. "ಹೆದ್ರಡ ತಮಾ, ತೋಟ ಎಲ್ಲೂ ಓಡಿ ಹೋಗ್ತಿಲ್ಲೆ" ಅಂದರು ಫೋನಿನಲ್ಲಿ. ಒಂದು ದಿನದ ಮಟ್ಟಿಗೆ ನಾನು ಮನೆಗೆ ಬಂದರೆ, ಕಂಬಳಿಕೊಪ್ಪೆ ಹೊದ್ದು ನಮ್ಮ ಡ್ರಮ್ಮಿನ ಎದುರು ನಿಂತಿದ್ದಾರೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ. ಕಲಕಿದ ಮೇಲೆ ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ಹಿಡಿದರು. ಎತ್ತಿದರೆ ಅಲಗಿನ ಮೇಲೆ ತೆಳ್ಳಗೆ ಕೆಂಪು. ಸುಣ್ಣ ಸಾಲದು ಅಂತ ಅರ್ಥ. ಇನ್ನಷ್ಟು ಸುಣ್ಣದ ನೀರು ಸುರಿದು ಮತ್ತೆ ಅದ್ದಿದರು. ಈ ಸಲ ಅಲಗು ಹಾಗೇ ಬೆಳ್ಳಗಿತ್ತು. ಆಮೇಲೇ ಮದ್ದು ಹೊಡೆಯುವ ಕೊನೆಗೌಡನನ್ನು ಮರ ಹತ್ತಿಸಿದ್ದು. ಅವರ ಸ್ವಂತ ತೋಟಕ್ಕೆ ಮದ್ದು ಬಿದ್ದದ್ದು ನಾಲ್ಕು ದಿನ ಆದಮೇಲೆ. ಇದನ್ನು ದೊಡ್ಡಮ್ಮ ಹೇಳಿದ್ದು, ಅವರಲ್ಲ.

ನಿನ್ನೆ ತೋಟದಲ್ಲಿ ಅಪ್ಪಯ್ಯನ ಕಣ್ಣು ನೇರ ಬಸಿಗಾಲುವೆಗೇ ಹೋಯಿತು. ದರಕು, ಅಂದ್ರೆ ಒಣಗಿದ ಎಲೆ, ತುಂಬಿದೆ, ಒಬ್ಬರೂ ಬಿಡಿಸಿಲ್ಲ, ತೋಟ ನೋಡಿಕೊಳ್ಳುವುದು ಅಂದ್ರೆ ಇದೇನಾ ಅಂತ ದೊಡ್ಡಪ್ಪನ ಮೇಲೇ ರೇಗಿದರು. ನನಗೆ ನಾಚಿಕೆಯಾಯಿತು. ದೊಡ್ಡಪ್ಪ ಮಾತ್ರ ಬಾಯಲ್ಲಿದ್ದ ಎಲೆಅಡಿಕೆ ಕವಳ ಉಗಿದು ನನ್ನ ಕಡೆ ತಿರುಗಿ ನಕ್ಕರು.

"ಬೈಯಲೆ ಶುರು ಮಾಡಿದ್ದ. ಗುಣ ಆತು."