ಮಗಳಿಗೊಂದು ಪತ್ರ: ಮ್ಯಾಂಚೆಸ್ಟರಿನ ಮೊದಲ ಕ್ರಿಸ್‌ಮಸ್

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ "ನಾನು ಆರಾಮಾಗಿದ್ದೇನಮ್ಮ" ಅಂದೆ. ಸ್ವರ ಕೇಳಿದರೆ ಹಾಗೆ ಅನ್ನಿಸಲಿಲ್ಲ. ಆಚೀಚೆ ಕೋಣೆಯವರೆಲ್ಲ ಊರಿಗೆ ಹೋಗಿ, ಹಾಸ್ಟೆಲಿನ ಅಡುಗೆಮನೆಯಲ್ಲಿ ಈಗ ನಿನ್ನದೊಂದೇ ಪಾತ್ರೆ. ನಾಲ್ಕು ಗಂಟೆಯೊಳಗೆ ಕತ್ತಲೆ ಬೇರೆ. ಬೇಸರವಾಗದೆ ಇರುತ್ತದಾ? ಅದನ್ನು ನನ್ನ ಹತ್ತಿರ ಮುಚ್ಚಿಡಬೇಡ.

ಇಪ್ಪತ್ತೈದರಂದು ಅಲ್ಲಿ ರೈಲು ಓಡುವುದಿಲ್ಲ, ಬಸ್ಸು ಸಿಗುವುದೂ ಅಪರೂಪ. ದೊಡ್ಡ ಅಂಗಡಿಗಳು ಆ ದಿನ ಬಾಗಿಲು ತೆರೆಯಬಾರದೆಂದು 2004ರಲ್ಲಿ ಕಾನೂನೇ ಆಗಿದೆ. ಅಂಗಡಿಯಲ್ಲಿ ದುಡಿಯುವವರಿಗೂ ಹಬ್ಬ ಸಿಗಬೇಕಲ್ಲ, ನನಗದು ಸರಿಯೆನಿಸುತ್ತದೆ. ಆದರೆ ಮನೆಮಂದಿ ಇಲ್ಲದವರು ಆ ದಿನ ನಾಲ್ಕು ಮುಖ ನೋಡಬೇಕೆಂದರೂ ಎಲ್ಲಿಗೆ ಹೋಗುವುದು?

ಇದಕ್ಕೆ ನೀನೀಗಿರುವ ಊರಿನವರೇ ಒಂದು ದಾರಿ ಕಂಡುಕೊಂಡಿದ್ದಾರೆ. ನಿನ್ನ ವಿಶ್ವವಿದ್ಯಾಲಯದ ಕುಲಾಧಿಪತಿಯಾಗಿದ್ದ ಕವಿ ಲೆಮ್ ಸಿಸ್ಸೇ ಗೊತ್ತಲ್ಲ? ಹೆತ್ತ ತಾಯಿ ಇಥಿಯೋಪಿಯಾದವರು, ಮಗು ಬೆಳೆದದ್ದು ಬೇರೆಯವರ ಮನೆಯಲ್ಲಿ. ಹನ್ನೆರಡನೇ ವಯಸ್ಸಿಗೆ ಅವರೂ ಕೈಬಿಟ್ಟರು. ಆಮೇಲೆ ಒಂದಾದ ಮೇಲೊಂದು ಮಕ್ಕಳ ಆಶ್ರಮ. ಅಂಥ ಆಶ್ರಯದಿಂದ ಹೊರಬಂದ ಎಳೆಯರಿಗಾಗಿ ಸಿಸ್ಸೇ 2013ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕ್ರಿಸ್‌ಮಸ್ ದಿನವೇ ಊಟ ಏರ್ಪಡಿಸಿದರು. ಈಗ ಬೇರೆ ಊರುಗಳಲ್ಲೂ ಅದು ನಡೆಯುತ್ತದೆ. ತಮ್ಮ ಮನೆಯ ಹಬ್ಬ ಬಿಟ್ಟು ಬಂದು ಬಡಿಸುವವರ ಮೇಲೆ ನನಗೆ ತುಂಬ ಗೌರವ. ಗುರುತಿಲ್ಲದವರು ಕರೆದಾಗ ಹೋಗಿ ಪಂಕ್ತಿಯಲ್ಲಿ ಕೂರುವ ಆ ಮಕ್ಕಳ ಮೇಲೆ ಇನ್ನೂ ಹೆಚ್ಚು. ಅದಕ್ಕೂ ಗಟ್ಟಿ ಮನಸ್ಸು ಬೇಕು.

ನಮ್ಮ ಪಕ್ಕದ ಮನೆ ಬಾಯಮ್ಮನನ್ನು ನೆನಪು ಮಾಡಿಕೋ. ಮಕ್ಕಳೆಲ್ಲ ಗಲ್ಫಿನಲ್ಲಿ, ಆ ದೊಡ್ಡ ಮನೆಯಲ್ಲಿ ಅವರೊಬ್ಬರೇ. ಡಿಸೆಂಬರ್ ಬಂತೆಂದರೆ ಕ್ರಿಸ್‌ಮಸ್ ತಿಂಡಿ ಕುಸ್ವಾರ್ ಮಾಡಲು ಕೈ ಸಾಲದು ಎಂದು ಓಣಿಯ ಮಕ್ಕಳನ್ನೆಲ್ಲ ಕರೆಯುತ್ತಿದ್ದರು. ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಹಿಟ್ಟಿನ ಗೋಲಿ ಇಟ್ಟು, ಹೆಬ್ಬೆರಳಲ್ಲಿ ಒತ್ತಿ ಸುರುಳಿ ಮಾಡುವುದನ್ನು ನೀನು ಕಲಿತದ್ದು ಅಲ್ಲೇ. ನೀವು ಒತ್ತಿದ ಆ ಸುರುಳಿ, ಕಿಡಿಯೊ, ಅರ್ಧಕ್ಕರ್ಧ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತಿತ್ತು, ಆದರೂ ಮರುವರ್ಷ ನಿಮ್ಮನ್ನೇ ಕರೆಯುತ್ತಿದ್ದರು. "ಮನೆಯಲ್ಲಿ ಮಕ್ಕಳ ಗಲಾಟೆ ಇಲ್ಲದಿದ್ದರೆ ಅದೆಂಥ ಹಬ್ಬ?" ಎಂದು ನನ್ನ ಹತ್ತಿರ ಬಾಯಿಬಿಟ್ಟೇ ಹೇಳಿದ್ದರು. ತನಗೆ ಜನ ಬೇಕು ಎಂದು ಹೇಳಲು ಅವರಿಗೆ ಸಂಕೋಚವಿರಲಿಲ್ಲ. ಅವರಿಂದ ನೀನು ಕಲಿಯಬೇಕಾದದ್ದು ಇದು ಮಗಾ.

ಕೆಳಗಿನ ಮಹಡಿಯಲ್ಲಿ ನೈಜೀರಿಯಾದ ಹುಡುಗಿಯೊಬ್ಬಳು ಉಳಿದಿದ್ದಾಳೆ ಅಂದೆಯಲ್ಲ, ಹೋಗಿ ಅವಳ ಬಾಗಿಲು ತಟ್ಟು. ಪುಲಾವ್ ಜಾಸ್ತಿಯಾಯಿತು ಎಂಬ ನೆಪವೆಲ್ಲ ಬೇಡ. ಒಬ್ಬಳೇ ಉಣ್ಣಲು ಬೇಜಾರು, ನನ್ನ ಜೊತೆ ಊಟಕ್ಕೆ ಬಾ ಎಂದು ನೇರವಾಗಿ ಕೇಳು. ಬರುವುದಿಲ್ಲ ಅಂದರೂ ಅವಮಾನವೇನಿಲ್ಲ. ಗೇಟಿನಲ್ಲಿ ಡ್ಯೂಟಿಯಲ್ಲಿರುವವರಿಗೂ ಒಂದು ತಟ್ಟೆ ಕೊಟ್ಟು ಬಾ.

ರಾತ್ರಿ ಮನಸ್ಸು ತೀರಾ ಕುಸಿದರೆ ನನಗೆ ಫೋನ್ ಮಾಡು, ಇಲ್ಲಿ ಗಂಟೆ ಎಷ್ಟೆಂದು ನೋಡಬೇಡ. ನನ್ನ ಹತ್ತಿರ ಹೇಳಲಾಗದ ಮಾತಿದ್ದರೆ 116 123ಕ್ಕೆ ಮಾಡು. ಅದು ನೊಂದವರ ಮಾತು ಕೇಳಲೆಂದೇ 1953ರಲ್ಲಿ ಶುರುವಾದ ಸಮಾರಿಟನ್ಸ್ ಸಂಸ್ಥೆಯ ನಂಬರು. ಕ್ರಿಸ್‌ಮಸ್ ರಾತ್ರಿಯೂ ಕೇಳುವವರಿರುತ್ತಾರೆ, ದುಡ್ಡು ಬೀಳುವುದಿಲ್ಲ.

ಹಾಲು, ಮೊಸರು, ತರಕಾರಿ ಇಪ್ಪತ್ನಾಲ್ಕರ ಮಧ್ಯಾಹ್ನದೊಳಗೆ ತಂದಿಡು. ಇಬ್ಬರಿಗೆ ಆಗುವಷ್ಟು ತಾ.

ನಿನ್ನ ಅಮ್ಮ