ಗೇಮ್ ತಡ ಆಗ್ಲಿ, ರೊಕ್ಕ ಯಾಕ ಮೊದ್ಲ ಇಸ್ಕೋತಾರ?

ಸಂಪಾದಕರಿಗೆ ನಮಸ್ಕಾರ್ರಿ,

ಗೇಮ್ ಅಂದ ಕೂಡ್ಲೆ ರಮ್ಮಿ, ಬೆಟ್ಟಿಂಗ್ ಅಂತ ತಿಳ್ಕೊಂಡು ಈ ಪತ್ರ ಬಾಜೂಕ ಇಡಬ್ಯಾಡ್ರಿ. 2025ರ ಆಗಸ್ಟ್‌ನ್ಯಾಗ ಕೇಂದ್ರ ಸರ್ಕಾರ ಕಾನೂನು ತಂದು ಬಂದ್ ಮಾಡಿದ್ದು ರೊಕ್ಕ ಹಚ್ಚಿ ಆಡೋ ಆನ್‌ಲೈನ್ ಆಟ, ನಾ ಬರಿಯಾಕ ಹತ್ತಿದ್ದು ಕಂಪ್ಯೂಟರ್ ಮ್ಯಾಲ, ಟಿವಿಗೆ ಹಚ್ಚೋ ಪ್ಲೇಸ್ಟೇಷನ್‌ನಂಥಾ ಗೇಮ್ ಮಷೀನ್ ಮ್ಯಾಲ ಆಡೋ ವಿಡಿಯೋ ಗೇಮ್ ಬಗ್ಗೆ. ಒಂದ ಸಲ ರೊಕ್ಕ ಕೊಟ್ಟು ಕೊಳ್ಳೋದು, ಮನ್ಯಾಗ ಕುಂತು ಆಡೋದು, ಅಷ್ಟ. ನಮ್ಮ ಬಾಗಲಕೋಟಿ ನವನಗರದಾಗ, ವಿದ್ಯಾಗಿರಿ ಕಡೆ ಕಾಲೇಜ್ ಹುಡುಗರ ರೂಮಿನ್ಯಾಗ ಇದನ್ನ ಆಡೋರು ಬೇಕಾದಷ್ಟ ಮಂದಿ ಅದಾರ. ಪೇಪರ್‌ನ್ಯಾಗ ಮಾತ್ರ ಗೇಮ್ ಸುದ್ದಿ ಬಂದ್ರ ಹುಡುಗ್ರು ಕೆಟ್ರು ಅನ್ನೋದ ಬರ್ತೈತಿ, ಅವರೂ ಗಿರಾಕಿಗಳು, ಅವರಿಗೂ ಮೋಸ ಆಗ್ತೈತಿ ಅಂತ ಯಾರೂ ಬರಿಯಂಗಿಲ್ಲ, ಅದಕ್ಕ ನಾನ ಬರದೀನಿ.

ವಿಷಯ ಏನಂದ್ರ ಪ್ರೀ-ಆರ್ಡರ್. ಗೇಮ್ ಇನ್ನೂ ತಯಾರ ಆಗಿರಂಗಿಲ್ಲ, ಒಂದು ಟ್ರೇಲರ್ ಬಿಡ್ತಾರ, ಒಂದು ತಾರೀಖ ಹೇಳ್ತಾರ, ಅವತ್ತಿಂದನ ರೊಕ್ಕ ಇಸ್ಕೊಳ್ಳಾಕ ಚಾಲೂ. ಆಮ್ಯಾಲ ತಾರೀಖ ಮುಂದಕ್ಕ ಹೋಕ್ಕೈತಿ. ಮತ್ತ ಹೋಕ್ಕೈತಿ. ಕಂಪನಿ ಕಡಿಂದ ಒಂದು ಚಂದನ ಚಿತ್ರದ ಮ್ಯಾಲ ಕ್ಷಮಾಪಣೆ ಬರ್ತೈತಿ, ನಿಮ್ಮ ತಾಳ್ಮಿಗೆ ಧನ್ಯವಾದ ಅಂತ. ತಾಳ್ಮಿ ಅಲ್ರಿ ಅದು, ನಮ್ಮ ರೊಕ್ಕ ಅವರ ಕಡೆ ಸಿಕ್ಕೊಂಡೈತಿ, ತಾಳ್ಕೊಳ್ಳದ ಏನ್ ಮಾಡೋದು. ಹೊಸಾ ದೊಡ್ಡ ಗೇಮ್ ಅಂದ್ರ ಈಗ ನಾಕ್ ಸಾವಿರ ಐದ್ ಸಾವಿರ ರೂಪಾಯಿ, ಇಲ್ಲಿ ಒಬ್ಬ ವಿದ್ಯಾರ್ಥಿಗೆ ಅದು ರೂಮ್ ಬಾಡಗಿ ರೊಕ್ಕ.

ತಡ ಮಾಡೋದಕ್ಕ ನನ್ನ ತಕರಾರ ಇಲ್ಲ, ಇದನ್ನ ಸ್ಪಷ್ಟ ಹೇಳ್ತೀನಿ. ದೊಡ್ಡ ಗೇಮ್ ಅಂದ್ರ ಸಾವಿರಾರು ಮಂದಿ ಕೂಡಿ ವರ್ಷಗಟ್ಲೆ ಮಾಡೋ ಕೆಲಸ, ಒಂದು ಕಡೆ ಬಗ್, ಅಂದ್ರ ಪ್ರೋಗ್ರಾಮಿನ ತಪ್ಪು, ತಗದ್ರ ಇನ್ನೊಂದ ಕಡೆ ಏಳ್ತೈತಿ, ತಾರೀಖ ಹಿಡಿಯಾಕಂತ ಅಲ್ಲಿನ ಹುಡುಗ್ರನ್ನ ರಾತ್ರಿ ಹಗಲ ದುಡಸ್ತಾರ, ಅದು ಬ್ಯಾಡ. ತಡ ಆತು ಅಂತ ಗೇಮ್ ಮಾಡೋರಿಗೆ ಜೀವ ಬೆದರಿಕಿ ಹಾಕಿದವರೂ ಅದಾರ, 2016ರಾಗ ನೋ ಮ್ಯಾನ್ಸ್ ಸ್ಕೈ ಅನ್ನೋ ಗೇಮ್ ಜೂನ್‌ದಿಂದ ಆಗಸ್ಟ್‌ಗೆ ಹೋದಾಗ ಹಂಗ ಆಗಿತ್ತು, ಎರಡು ತಿಂಗಳ ಸಲುವಾಗಿ! ಅಂಥಾವ್ರ ಜೊತಿ ನನ್ನನ್ನ ಸೇರಿಸಬ್ಯಾಡ್ರಿ. ನಾ ಕೇಳೋದು ಒಂದ, ತಾರೀಖ ನಿಮಗ ಗೊತ್ತಿಲ್ಲ ಅಂದ್ರ ರೊಕ್ಕ ಯಾಕ ಈಗ?

ಸೈಬರ್‌ಪಂಕ್ 2077 ಕಥಿ ಗೊತ್ತಿಲ್ಲದವರಿಗೆ ಹೇಳ್ತೀನಿ, ಯಾಕಂದ್ರ ಇದರಾಗ ಎಲ್ಲಾ ಐತಿ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಅನ್ನೋ ಕಂಪನಿ 2012ರಾಗ ಈ ಗೇಮ್ ಮಾಡ್ತೀವಿ ಅಂತ ಹೇಳ್ತು. 2019ರ ಜೂನ್‌ನ್ಯಾಗ ತಾರೀಖ ಕೊಟ್ರು, 2020ರ ಏಪ್ರಿಲ್ 16, ಅವತ್ತ ಪ್ರೀ-ಆರ್ಡರ್ ಸುದ್ದಾ ಚಾಲೂ ಮಾಡಿದ್ರು. ಆಮ್ಯಾಲ ಏಪ್ರಿಲ್ ಹೋಗಿ ಸೆಪ್ಟೆಂಬರ್ 17 ಆತು, ಸೆಪ್ಟೆಂಬರ್ ಹೋಗಿ ನವೆಂಬರ್ 19 ಆತು. ಅಕ್ಟೋಬರ್‌ನ್ಯಾಗ ಗೇಮ್ 'ಗೋಲ್ಡ್' ಆಗೇತಿ ಅಂದ್ರು, ಅಂದ್ರ ಮಾಸ್ಟರ್ ಕಾಪಿ ತಯಾರ, ಇನ್ನ ಡಿಸ್ಕ್ ಒತ್ತೋದಷ್ಟ ಉಳಿದೈತಿ ಅಂತ ಅರ್ಥ, ಎಲ್ಲಾರೂ ಖುಷಿಯಾದ್ರು, ಅದ ತಿಂಗಳ ಕೊನಿಗೆ ಮತ್ತ ಡಿಸೆಂಬರ್ 10ಕ್ಕ ಹಾಕಿದ್ರು. ಅಷ್ಟೊತ್ತಿಗೆ 80 ಲಕ್ಷಕ್ಕಿಂತ ಜಾಸ್ತಿ ಪ್ರೀ-ಆರ್ಡರ್ ಬಂದಿದ್ವು ಅಂತ ಕಂಪನಿನ ಹೇಳೇತಿ. ಕೊನಿಗೂ ಬಂದಾಗ ಏನಾತು ಅಂದ್ರ ಹಳೇ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಮ್ಯಾಲ ಅದು ನಡೀಲೇ ಇಲ್ಲ ಅನ್ನಬಹುದು, ನಡುವ ಬಂದ್ ಬೀಳೋದು, ಮನಷ್ಯಾರ ಮುಖ ಮಬ್ಬ ಮಬ್ಬ ಕಾಣೋದು. ರಿಲೀಸ್ ಆಗಿ ಒಂದು ವಾರದಾಗ ಸೋನಿ ಕಂಪನಿ ತನ್ನ ಪ್ಲೇಸ್ಟೇಷನ್ ಸ್ಟೋರ್‌ನಿಂದ ಆ ಗೇಮ್ ತಗದ ಹಾಕಿ ರೊಕ್ಕ ವಾಪಸ್ ಕೊಡ್ತೀವಿ ಅಂತು. ಅದು ಸ್ಟೋರ್‌ಗೆ ತಿರುಗಿ ಬಂದಿದ್ದು 2021ರ ಜೂನ್‌ನ್ಯಾಗ.

ನನಗ ಹೊಟ್ಟಿ ಉರಿಯೋದು ಇದಕ್ಕಲ್ಲ, ಮುಂದಿನದಕ್ಕ. 2023ರ ಸೆಪ್ಟೆಂಬರ್‌ನ್ಯಾಗ ಅದ ಗೇಮಿಗೆ 2.0 ಅಂತ ದೊಡ್ಡ ಅಪ್‌ಡೇಟ್ ಬಂತು, ಗೇಮ್ ಖರೇನ ಚೊಲೋ ಆತು, ಈಗ ಸೇಲ್ ಹಾಕಿದಾಗ ಅರ್ಧಾ ರೇಟಿಗೆ, ಅದಕ್ಕೂ ಕಡಿಮಿಗೆ ಸಿಗ್ತೈತಿ. ಅಂದ್ರ ಎಲ್ಲಾರಗಿಂತ ಮೊದ್ಲ ರೊಕ್ಕ ಕೊಟ್ಟು, ಎಲ್ಲಾರಗಿಂತ ಜಾಸ್ತಿ ದಿನ ಕಾಯ್ದು, ಪೂರಾ ರೇಟ್ ತೆತ್ತವನಿಗೆ ಸಿಕ್ಕಿದ್ದು ಎಲ್ಲಾರಗಿಂತ ಕೆಟ್ಟ ಮಾಲು, ಏನೂ ಮಾಡದ ಸುಮ್ಮ ಕುಂತವನಿಗೆ ಛಲೋ ಮಾಲು ಅರ್ಧಾ ರೇಟಿಗೆ. ಇನ್ನೊಂದು ನೋಡ್ರಿ, ಅಮೆರಿಕಾದಾಗ ಆ ಕಂಪನಿ ಮ್ಯಾಲ ಷೇರ್ ತಗೊಂಡವ್ರು ಕೇಸ್ ಹಾಕಿದ್ರು, 18.5 ಲಕ್ಷ ಡಾಲರಿಗೆ ರಾಜಿ ಆತು. ಷೇರಿನವರಿಗೆ ಪರಿಹಾರ, ಆಡೋರಿಗೆ ಅವರು ಕೊಟ್ಟಿದ್ದ ರೊಕ್ಕ ಅಷ್ಟ ವಾಪಸ್, ಅದೂ ಕೇಳಿದವರಿಗೆ.

ಇನ್ನ ಸ್ಟಾರ್ ಸಿಟಿಜನ್ ಅಂತ ಒಂದೈತಿ, 2012ರಾಗ ಮಂದಿ ಕಡಿಂದ ರೊಕ್ಕ ಎತ್ತಾಕ ಚಾಲೂ ಮಾಡಿದ್ರು, 2014ರಾಗ ಕೊಡ್ತೀವಿ ಅಂದಿದ್ರು, 70 ಕೋಟಿ ಡಾಲರ್ ದಾಟಿ ಹೋದ್ರೂ ಗೇಮ್ ಪೂರಾ ಆಗಿದ್ದಿಲ್ಲ. ಅದರ ಬಗ್ಗೆ ನಾ ಹೆಚ್ಚಿಗಿ ಏನೂ ಹೇಳಂಗಿಲ್ಲ.

ಪ್ರೀ-ಆರ್ಡರ್ ಅನ್ನೋದು ಹುಟ್ಟಿದ್ದಕ್ಕ ಒಂದು ಕಾರಣ ಇತ್ತು, ಅದನ್ನೂ ಒಪ್ಪಬೇಕು. ಮೊದ್ಲ ಗೇಮ್ ಡಬ್ಬಿನ್ಯಾಗ ಬರ್ತಿತ್ತು, ಅಂಗಡಿಯವ ಎಷ್ಟು ಡಬ್ಬಿ ತರಸಬೇಕು ಅಂತ ಲೆಕ್ಕ ಹಾಕಬೇಕು, ಸಣ್ಣ ಊರಿಗೆ ಹತ್ತಿಪ್ಪತ್ತು ಬಂದ್ರ ಬಂದ್ವು, ಮೊದ್ಲ ಹೇಳಿಟ್ಟವನಿಗೆ ಸಿಗ್ತಿತ್ತು. ಈಗ ಮುಕ್ಕಾಲು ಮಂದಿ ಡೌನ್‌ಲೋಡ್ ಮಾಡ್ಕೋತಾರ. ಡೌನ್‌ಲೋಡ್ ಖಾಲಿ ಆಗ್ತೈತೇನ್ರಿ? ಸ್ಟಾಕ್ ಮುಗೀತು ಅಂತ ಸರ್ವರ್ ಹೇಳ್ತೈತೇನು? ಖಾಲಿ ಆಗೋ ಅಂಜಿಕಿ ಹೋದ ಮ್ಯಾಲ ಬ್ಯಾರೆ ಆಸೆ ತೋರಿಸ್ಯಾರ, ಈಗ ಬುಕ್ ಮಾಡಿದ್ರ ಗೇಮಿನ ಒಳಗ ಒಂದು ಬಂಗಾರ ಬಣ್ಣದ ಬಂದೂಕು, ಒಂದು ಅಂಗಿ, ಇನ್ನೂ ಸಾವಿರ ಎರಡ ಸಾವಿರ ಹೆಚ್ಚಿಗಿ ಕೊಟ್ರ ಮಂದಿಗಿಂತ ಮೂರ ನಾಕ ದಿನ ಮೊದ್ಲ ಆಡಾಕ ಬಿಡ್ತೀವಿ ಅಂತ. ಸ್ಟಾರ್‌ಫೀಲ್ಡ್ ಹಂಗ ಮಾಡ್ತು, 2022ರ ನವೆಂಬರ್ 11 ಅಂತ ಹೇಳಿದ್ದ ಗೇಮ್ 2023ರ ಸೆಪ್ಟೆಂಬರ್ 6ಕ್ಕ ಬಂತು, ಹೆಚ್ಚಿಗಿ ಕೊಟ್ಟವರಿಗೆ ಸೆಪ್ಟೆಂಬರ್ 1ಕ್ಕ. ಹತ್ತ ತಿಂಗಳ ಎಲ್ಲಾರನ್ನೂ ಕಾಯಿಸಿ, ಐದ ದಿನ ಮಾರಿದ್ರು.

ಈಗ ನಮ್ಮೂರ ಮಾತಿಗೆ ಬರ್ತೀನಿ. ನನ್ನ ತಮ್ಮ ಇಲ್ಲೇ ಒಂದು ಅಂಗಡ್ಯಾಗ, ಹೆಸರ ಬ್ಯಾಡ, ಒಂದು ದೊಡ್ಡ ಗೇಮಿಗೆ ಅಡ್ವಾನ್ಸ್ ಕೊಟ್ಟು ಬಂದಾನ. ಕಂಪನಿ ಆ ಗೇಮಿಗೆ ಇನ್ನೂ ಪ್ರೀ-ಆರ್ಡರ್ ಚಾಲೂನ ಮಾಡಿದ್ದಿಲ್ಲ, ಇವರು ತಾವ ಚೀಟಿ ಬರದು ರೊಕ್ಕ ಇಸ್ಕೊಂಡಾರ. ಚೀಟಿ ಮ್ಯಾಲ ಡಿಸೆಂಬರ್ 31 ಅಂತ ತಾರೀಖ. ಓದುಗರಿಗೆ ಇದೊಂದು ಹೇಳಬೇಕು, ಗೇಮ್ ಮಾರೋ ಕಡೆ ಎಲ್ಲೇ ಡಿಸೆಂಬರ್ 31 ಅಂತ ಕಂಡ್ರ ಅದು ಹೆಚ್ಚಾಗಿ ತಾರೀಖ ಅಲ್ಲ, ತಾರೀಖ ಗೊತ್ತಿಲ್ಲ ಅಂದಾಗ ಖಾಲಿ ಜಾಗ ತುಂಬಾಕ ಹಾಕೋದು. ಡಿಸೆಂಬರ್ ಹೋತು, ಗೇಮ್ ಮುಂದಕ್ಕ ಹೋತು, ರೊಕ್ಕ ವಾಪಸ್ ಕೊಡ್ರಿ ಅಣ್ಣಾರ ಅಂದ್ರ "ಕಂಪನಿ ರೂಲ್ ಐತಿ ತಮ್ಮಾ, ಅಡ್ವಾನ್ಸ್ ವಾಪಸ್ ಬರಂಗಿಲ್ಲ, ಬೇಕಾದ್ರ ಬ್ಯಾರೆ ಗೇಮ್ ತಗೊಂಡು ಹೋಗು" ಅಂದ್ರಂತ. ಯಾವ ಕಂಪನಿ ರೂಲ್? ಕಂಪನಿಗೆ ಈ ಚೀಟಿ ಇರೋದ ಗೊತ್ತಿಲ್ಲಲ್ಲ! ತಮ್ಮ ಅಂಜಬುರಕ, ಸುಮ್ಮ ಬಂದ. ಅಂಗಡಿಯವರು ಕೆಟ್ಟವರಂತಲ್ಲ, ಆ ರೊಕ್ಕ ಅವರು ಮುಂದ ಯಾರಿಗೋ ಕಟ್ಟಿರಬಹುದು, ಆದ್ರ ಅದು ಗಿರಾಕಿ ತಲಿನೋವಲ್ಲ.

ನಮ್ಮದು ಮೂಲ ಮುಧೋಳ ಕಡೆ, ಮನ್ಯಾಗ ಕಬ್ಬು. ಕಬ್ಬಿನವನ ಕಷ್ಟ ಏನಂದ್ರ ಮಾಲು ಮೊದ್ಲ ಕಳಸ್ತಾನ, ಬಿಲ್ಲಿಗೆ ಆಮ್ಯಾಲ ಕಾಯ್ತಾನ. ಗೇಮ್ ತಗೊಳ್ಳೋನದು ಅದರ ಉಲ್ಟಾ, ರೊಕ್ಕ ಮೊದ್ಲ ಕಳಸ್ತಾನ, ಮಾಲಿಗೆ ಕಾಯ್ತಾನ. ಆದ್ರ ಕಬ್ಬಿಗೆ 1966ರ ಕಬ್ಬು ನಿಯಂತ್ರಣ ಆದೇಶ ಅಂತ ಒಂದೈತಿ, ಕಬ್ಬು ಮುಟ್ಟಿದ 14 ದಿನದಾಗ ಫ್ಯಾಕ್ಟರಿಯವ್ರು ರೊಕ್ಕ ಕೊಡಬೇಕು, ತಡ ಮಾಡಿದ್ರ ವರ್ಷಕ್ಕ ನೂರಕ್ಕ 15ರಂಗ ಬಡ್ಡಿ ಸೇರಿಸಿ ಕೊಡಬೇಕು. ಆ ಬಡ್ಡಿ ಎಷ್ಟ ಮಂದಿ ಕೈಗೆ ಮುಟ್ಟೇತಿ ಅಂತ ನಮ್ಮ ಕಾಕಾರನ್ನ ಕೇಳಬ್ಯಾಡ್ರಿ, ಪೇಪರ್ ಹಿಡಿಯಂಗಿಲ್ಲದಂಥಾ ಮಾತು ಬರ್ತಾವು. ಆದ್ರೂ ಕಾನೂನಿನ್ಯಾಗ ಬರದೈತಿ, ಮಂದಿ ರೊಕ್ಕ ಇಟ್ಕೊಂಡ್ರ ಅದಕ್ಕ ಬೆಲಿ ಕೊಡಬೇಕು ಅಂತ. ಗೇಮ್ ಕಂಪನಿ ಲಕ್ಷಗಟ್ಲೆ ಮಂದಿ ರೊಕ್ಕ ಒಂದೊಂದು ವರ್ಷ ಇಟ್ಕೋತೈತಿ, ಬಡ್ಡಿ ದೂರ ಉಳೀತು, ತಾರೀಖ ತಪ್ಪಿದ್ರ ತಾನಾಗೇ ವಾಪಸ್ ಸುದ್ದಾ ಮಾಡಂಗಿಲ್ಲ, ನಾವ ಹೋಗಿ ರೊಕ್ಕ ವಾಪಸ್ ಕೇಳೋ ಬಟನ್ ಹುಡುಕಬೇಕು.

ಬಟನ್ ಐತಿ ಅನ್ನೋದ ಭಾಳ ಮಂದಿಗೆ ಗೊತ್ತಿಲ್ಲ, ಹಿಂಗಾಗಿ ಇಲ್ಲಿ ಬರಿತೀನಿ. ಕಂಪ್ಯೂಟರ್ ಗೇಮ್ ಮಾರೋ ಸ್ಟೀಮ್ ಅನ್ನೋ ಆನ್‌ಲೈನ್ ಸ್ಟೋರ್‌ನ್ಯಾಗ ಬುಕ್ ಮಾಡಿದ್ರ ಗೇಮ್ ರಿಲೀಸ್ ಆಗೂ ತನಕ ಯಾವಾಗ ಬೇಕಾದ್ರೂ ರೊಕ್ಕ ವಾಪಸ್ ಕೇಳಬಹುದು, ರಿಲೀಸ್ ಆದ ಮ್ಯಾಲ 14 ದಿನದಾಗ, ಎರಡು ತಾಸಿಗಿಂತ ಕಡಿಮಿ ಆಡಿದ್ರ ಆಗಲೂ ಕೇಳಬಹುದು. ಈ ನಿಯಮ 2015ರಿಂದ ಐತಿ. ಆದ್ರ ಒಂದ ಹುಷಾರಿ, ಹೆಚ್ಚಿಗಿ ರೊಕ್ಕ ಕೊಟ್ಟು ನಾಕ ದಿನ ಮೊದ್ಲ ಆಡ್ತೀರಲ್ಲ, 2024ರಿಂದ ಆ ಆಟದ ಹೊತ್ತೂ ಎರಡು ತಾಸಿನ ಲೆಕ್ಕದಾಗ ಹಿಡಿತಾರ. ಅಪ್ಪನ ಫೋನ್‌ನಿಂದ ಯುಪಿಐ ಮಾಡಿದ ಹುಡುಗ್ರು ಇದನ್ನ ಎರಡ ಸಲ ಓದ್ರಿ.

ಇಲ್ಲಿನ ಕಾನೂನೂ ಅಷ್ಟ ಬಡವಿ ಏನಲ್ಲ. 2019ರ ಗ್ರಾಹಕರ ರಕ್ಷಣಾ ಕಾಯ್ದೆ 2020ರ ಜುಲೈನ್ಯಾಗ ಜಾರಿ ಆತು, ಅದರ ಹಿಂದ ಇ-ಕಾಮರ್ಸ್ ನಿಯಮ ಬಂದ್ವು. ಹೇಳಿದ ದಿನಕ್ಕಿಂತ ತಡ ಮಾಡಿ ಕೊಟ್ರ ಮಾರೋನು ರೊಕ್ಕ ವಾಪಸ್ ಕೊಡಾಕ ಒಲ್ಲೆ ಅನ್ನಂಗಿಲ್ಲ ಅಂತ ಅದರಾಗ ಐತಿ, ಪ್ರವಾಹ, ಭೂಕಂಪ ಇಂಥಾ ಯಾರ ಕೈಯಾಗೂ ಇಲ್ಲದ ಕಾರಣ ಇದ್ರ ಮಾತ್ರ ಬ್ಯಾರೆ. ಇನ್ನೂ ಸ್ವಲ್ಪ ಪಾಲಿಶ್ ಮಾಡಬೇಕು ಅನ್ನೋದು ಪ್ರವಾಹ ಅಲ್ಲಂತ ನನ್ನ ವಾದ, ವಕೀಲರು ಯಾರರ ಇದ್ರ ಹೇಳ್ರಿ. ಆನ್‌ಲೈನ್ ಅಲ್ಲದ ಅಂಗಡಿ ಚೀಟಿ ಇದ್ರೂ ಸೇವಾ ನ್ಯೂನತೆ ಅಂತ ಜಿಲ್ಲಾ ಗ್ರಾಹಕರ ಆಯೋಗಕ್ಕ ಹೋಗಬಹುದು, 5 ಲಕ್ಷದ ಒಳಗಿನ ವ್ಯವಹಾರಕ್ಕ ಫೀ ಇಲ್ಲ, ಕಾರಣ ಹುಟ್ಟಿದ ಎರಡು ವರ್ಷದ ಒಳಗ ಹಾಕಬೇಕು, ನಾವು ಇರೋ ಜಿಲ್ಲಾದಾಗ ಹಾಕಿದ್ರ ಸಾಕು, ಅಂಗಡಿ ಬೆಂಗಳೂರಾಗ ಇದ್ರೂ ನಾವು ಅಲ್ಲಿ ತನಕ ಹೋಗಬೇಕಂತಿಲ್ಲ. ಅದಕ್ಕೂ ಮೊದ್ಲ 1915ಕ್ಕ ಫೋನ್ ಹಚ್ಚಿದ್ರ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿಯವ್ರು ಕಂಪನಿ ಜೊತಿ ಮಾತಾಡಿ ನೋಡ್ತಾರ.

ರೊಕ್ಕ ಮೊದ್ಲ ಇಸ್ಕೊಳ್ಳದ ಗೇಮ್ ನಡಿಯಂಗಿಲ್ಲ ಅಂತ ಯಾರರ ಅಂದ್ರ ಸಿಲ್ಕ್‌ಸಾಂಗ್ ಅನ್ನೋ ಗೇಮ್ ತೋರಿಸ್ರಿ. ಮಾಡಿದವರು ಆಸ್ಟ್ರೇಲಿಯಾದ ಟೀಮ್ ಚೆರ್ರಿ ಅಂತ, ಕೈಬೆರಳಲ್ಲಿ ಎಣಿಸುವಷ್ಟ ಮಂದಿ. 2019ರ ಫೆಬ್ರುವರಿನ್ಯಾಗ ಮಾಡ್ತೀವಿ ಅಂದ್ರು, ಬಂದಿದ್ದು 2025ರ ಸೆಪ್ಟೆಂಬರ್ 4ಕ್ಕ. ಆರು ವರ್ಷಕ್ಕ ಮ್ಯಾಲ ಮಂದಿ ಕಾಯ್ದ್ರು, ಬೈದ್ರು, ಜೋಕ್ ಮಾಡಿದ್ರು, ಆದ್ರ ಅವರು ಪ್ರೀ-ಆರ್ಡರ್ ಇಡಲೇ ಇಲ್ಲ. ಬಂದ ದಿನ ಸ್ಟೀಮ್ ಸೇರಿ ದೊಡ್ಡ ದೊಡ್ಡ ಸ್ಟೋರ್‌ಗಳು ಆ ಗದ್ದಲಕ್ಕ ಸ್ವಲ್ಪ ಹೊತ್ತು ನಿಂತ ಹೋದ್ವು. ಜಿಟಿಎ 6 ಅನ್ನೋ ಗೇಮ್ ನೋಡ್ರಿ, 2025 ಅಂದ್ರು, ಆಮ್ಯಾಲ 2026ರ ಮೇ 26 ಅಂದ್ರು, 2025ರ ನವೆಂಬರ್‌ನ್ಯಾಗ ಮತ್ತ ಎದ್ದು 2026ರ ನವೆಂಬರ್ 19 ಅಂದ್ರು. ಎರಡೂ ಸಲ ಮುಂದ ಹಾಕಿದಾಗ ನನಗ ಸಿಟ್ಟ ಬರ್ಲಿಲ್ಲ, ಬ್ಯಾಸರ ಅಷ್ಟ ಆತು, ಯಾಕಂದ್ರ ಕಂಪನಿ ಆಗ ನನ್ನ ಕಡಿಂದ ಒಂದ ರೂಪಾಯಿನೂ ಇಸ್ಕೊಂಡಿದ್ದಿಲ್ಲ.

ಹಿಂಗಾಗಿ ನಮ್ಮ ಬೇಡಿಕಿ ದೊಡ್ಡದೇನಿಲ್ಲ. ತಾರೀಖ ಬದಲಾದ ದಿನನ, ನಾವು ಕೇಳದನ, ರೊಕ್ಕ ಖಾತಿಗೆ ತಿರುಗಿ ಬರಬೇಕು, ಬೇಕಾದವ ಮತ್ತ ಬುಕ್ ಮಾಡ್ತಾನ. ಸೋನಿಯವ್ರ ಕಾಂಕಾರ್ಡ್ ಅನ್ನೋ ಗೇಮ್ 2024ರ ಆಗಸ್ಟ್ 23ಕ್ಕ ಬಂದು ಸೆಪ್ಟೆಂಬರ್ 6ಕ್ಕ ಬಂದ್ ಆತು, ಕೊಂಡವರಿಗೆ ರೊಕ್ಕ ವಾಪಸ್ ಕೊಟ್ರು, ಅಂದ್ರ ಮನಸ ಮಾಡಿದ್ರ ಕೊಡಾಕ ಬರ್ತೈತಿ. ನಮ್ಮೂರ ಅಂಗಡಿಯವರು ಅಡ್ವಾನ್ಸ್ ಇಸ್ಕೊಂಡ್ರ ಸೀದಾ ಬಿಲ್ ಕೊಡ್ಲಿ, ತಾರೀಖ ತಪ್ಪಿದ್ರ ಏನು ಅಂತ ಆ ಬಿಲ್ಲಿನ ಮ್ಯಾಲನ ಬರೀಲಿ. ಆಹಾರ ಮತ್ತು ನಾಗರಿಕ ಸರಬರಾಜು ಇಲಾಖೆಯವರು ಒಂದ ಸಲ ಇಂಥಾ ಚೀಟಿ ವ್ಯವಹಾರ ಬಂದು ನೋಡ್ಲಿ. ತಮ್ಮನ ಚೀಟಿ ನಾ ಈಗ ಇಸ್ಕೊಂಡು ಇಟ್ಕೊಂಡೀನಿ, ಈ ಪತ್ರ ಪ್ರಿಂಟ್ ಆದ ಮ್ಯಾಲೂ ರೊಕ್ಕ ಬರಲಿಲ್ಲ ಅಂದ್ರ ಆಯೋಗಕ್ಕ ಅರ್ಜಿ ಹಾಕಾಂವ ಇದೀನಿ, ಇಂಥಾ ಚೀಟಿ ಹಿಡ್ಕೊಂಡವ್ರು ಇನ್ನೂ ಯಾರರ ಇದ್ರ ಚೀಟಿ ಒಗೀಬ್ಯಾಡ್ರಿ, ಫೋಟೋ ತಗದ ಇಟ್ಕೋರಿ, ಮಷೀನಿನ ಥರ್ಮಲ್ ಪೇಪರ್ ಚೀಟಿ ಇದ್ರ ಅದರ ಮ್ಯಾಲಿನ ಅಕ್ಷರ ದಿನಾ ಕಳದಂಗ ಅಳಿಸಿ ಹೋಗ್ತಾವು.

ಇಂತಿ ನಿಮ್ಮ ಓದುಗ,
ನವನಗರ, ಬಾಗಲಕೋಟೆ